ಹಳೆಯ ಕಾರಿನ ಸ್ಟೀರಿಂಗ್ ಲೂಸ್ ಆಗಿದೆಯೇ? ಬಿಗಿ ಮಾಡುವ ಮೊದಲು ಪ್ಲೇ ಎಲ್ಲಿದೆ ಎಂದು ಹುಡುಕಿ

ನೇರ ರಸ್ತೆಯಲ್ಲೂ ಸ್ಟೀರಿಂಗನ್ನು ಅತ್ತಿತ್ತ ತಿದ್ದುತ್ತಲೇ ಇರಬೇಕು. ತಿರುಗಿಸಿದರೆ ಅರೆಕ್ಷಣ ಏನೂ ಆಗುವುದಿಲ್ಲ, ಆಮೇಲೆ ಕಾರು ತಿರುಗುತ್ತದೆ. ಈ ಖಾಲಿ ಚಲನೆಯನ್ನೇ ಪ್ಲೇ ಎನ್ನುವುದು. ಹಳೆಯ ಕಾರುಗಳಲ್ಲಿ ಈ ದೋಷ ತಿಂಗಳುಗಟ್ಟಲೆ ನಿಧಾನವಾಗಿ ಬೆಳೆಯುವುದರಿಂದ ದಿನವೂ ಓಡಿಸುವವರ ಕೈಗೆ ಅಭ್ಯಾಸವಾಗಿಬಿಡುತ್ತದೆ. ಅಪರೂಪಕ್ಕೆ ಬೇರೆಯವರು ಓಡಿಸಿ "ಇದೇನು ಇಷ್ಟೊಂದು ಪ್ಲೇ?" ಎಂದಾಗಲೇ ಗಮನಕ್ಕೆ ಬರುವುದು.

ಈ ದೂರು ಬಂದ ಕೂಡಲೇ ಎಷ್ಟೋ ಕಡೆ ಮಾಡುವ ಮೊದಲ ಕೆಲಸ, ರ‍್ಯಾಕ್ (ಪಕ್ಕಕ್ಕೆ ಸರಿದು ಚಕ್ರಗಳನ್ನು ತಿರುಗಿಸುವ ಹಲ್ಲಿನ ಸರಳು) ಅಥವಾ ಸ್ಟೀರಿಂಗ್ ಬಾಕ್ಸಿನ (ಕೆಲವು ಹಳೆಯ ಗಾಡಿಗಳಲ್ಲಿ ಅದರ ಬದಲು ಇರುವ ಹಲ್ಲಿನ ಪೆಟ್ಟಿಗೆ) ಅಡ್ಜಸ್ಟ್‌ಮೆಂಟ್ ಸ್ಕ್ರೂ ಹುಡುಕಿ ಬಿಗಿ ಮಾಡುವುದು. ಅದು ಕೊನೆಯಲ್ಲಿ ಮಾಡಬೇಕಾದ ಕೆಲಸ. ಸವೆದದ್ದು ಟೈ ರಾಡ್ ಎಂಡ್ (ಚಕ್ರವನ್ನು ತಳ್ಳಿ ಎಳೆದು ತಿರುಗಿಸುವ ಸರಳಿನ ತುದಿಯ ಜಾಯಿಂಟ್) ಆಗಿದ್ದರೆ ಸ್ಕ್ರೂ ಎಷ್ಟು ಬಿಗಿ ಮಾಡಿದರೂ ಪ್ಲೇ ಹೋಗುವುದಿಲ್ಲ. ಸ್ಟೀರಿಂಗ್ ಮಾತ್ರ ಗಟ್ಟಿಯಾಗಿ, ಹಲ್ಲುಗಳ ಸವೆತ ಹೆಚ್ಚಾಗುತ್ತದೆ. ಸ್ಟೀರಿಂಗ್ ಒಂದು ಸರಪಳಿ ಇದ್ದಂತೆ. ಕೈಯಲ್ಲಿರುವ ಚಕ್ರದಿಂದ ಹಿಡಿದು ಟೈರಿನವರೆಗೆ ಹತ್ತಾರು ಕೊಂಡಿಗಳಿವೆ. ಚಲನೆ ಯಾವ ಕೊಂಡಿಯವರೆಗೆ ಬಂದು ಎಲ್ಲಿ ನಿಲ್ಲುತ್ತದೋ ಅಲ್ಲೇ ದೋಷ. ಅದನ್ನು ಕಣ್ಣಾರೆ ನೋಡದೆ, ಕೈಯಾರೆ ಮುಟ್ಟದೆ ಯಾವ ಭಾಗವನ್ನೂ ಬದಲಿಸಬೇಡಿ.

ಪ್ಲೇ ಹೌದೋ ಅಲ್ಲವೋ

ಮೊದಲು ಟೈರುಗಳ ಗಾಳಿ ನೋಡಿ. ಮುಂದಿನ ಎರಡರಲ್ಲಿ ಒಂದಕ್ಕೆ ಗಾಳಿ ಕಡಿಮೆಯಿದ್ದರೂ ಕಾರು ಅಲೆದಾಡುತ್ತದೆ, ಸ್ಟೀರಿಂಗ್ ಮಂಕಾಗುತ್ತದೆ. ಟೈರ್ ತಣ್ಣಗಿರುವಾಗ ತಯಾರಕರು ಹೇಳಿದಷ್ಟು ಗಾಳಿ ತುಂಬಿ, ಆಮೇಲೆ ಮತ್ತೊಮ್ಮೆ ಓಡಿಸಿ ನೋಡಿ.

ಆಗಲೂ ಹಾಗೆಯೇ ಇದ್ದರೆ ದೋಷದ ಬಗೆಯನ್ನು ಗುರುತಿಸಿ. ಸ್ಟೀರಿಂಗ್ ತಿರುಗಿಸಿದಾಗ ಕೈಗೆ ಖಾಲಿ ಜಾಗ ಸಿಗುತ್ತಿದ್ದರೆ ಅದು ಪ್ಲೇ. ಖಾಲಿ ಜಾಗವಿಲ್ಲದೆ ಕಾರು ಮಾತ್ರ ತಾನಾಗಿ ಅತ್ತಿತ್ತ ಎಳೆಯುತ್ತಿದ್ದರೆ ಅಲೈನ್‌ಮೆಂಟ್, ಟೈರ್ ಅಥವಾ ಲೋಯರ್ ಆರ್ಮ್ ಬುಷ್ (ಚಕ್ರವನ್ನು ಕೆಳಗಿನಿಂದ ಹಿಡಿದ ತೋಳಿನ ರಬ್ಬರ್ ಬುಷ್) ಕಡೆ ನೋಡಬೇಕು. ಬ್ರೇಕ್ ಹಿಡಿದಾಗ ಮಾತ್ರ ಎಳೆದು, ಬಿಟ್ಟ ಕೂಡಲೇ ಸರಿಯಾಗುತ್ತಿದ್ದರೆ ಆ ಬುಷ್ ಮೇಲೆ ಬಲವಾದ ಅನುಮಾನ ಪಡಿ, ಬ್ರೇಕನ್ನೂ ಒಮ್ಮೆ ನೋಡಿ. ಸಣ್ಣ ಗುಂಡಿಗಳ ಮೇಲೆ ಹೋದಾಗ ಟಕ್ ಟಕ್ ಸದ್ದು ಬಂದು ಅದರ ಅದುರು ಸ್ಟೀರಿಂಗ್ ಹಿಡಿದ ಬೆರಳಿಗೆ ತಟ್ಟಿದರೆ, ಟೈ ರಾಡ್ ಅಥವಾ ರ‍್ಯಾಕ್ ಒಳಗಿನ ಸವೆತ ಇರುವ ಸಾಧ್ಯತೆ ಹೆಚ್ಚು.

ಅಳೆದು ನೋಡಿ

ಮುಂದಿನ ಚಕ್ರಗಳನ್ನು ನೇರ ಮಾಡಿ ಸಮತಟ್ಟು ನೆಲದಲ್ಲಿ ಕಾರು ನಿಲ್ಲಿಸಿ. ಪವರ್ ಸ್ಟೀರಿಂಗ್ ಇದ್ದರೆ ಎಂಜಿನ್ ಚಾಲೂ ಇಡಿ. ಎಂಜಿನ್ ನಿಂತಿರುವಾಗ ಹೈಡ್ರಾಲಿಕ್ ವಾಲ್ವಿನೊಳಗಿನ ಸಣ್ಣ ಸಹಜ ಚಲನೆಯೂ ಪ್ಲೇಯಂತೆ ಕಂಡು ಲೆಕ್ಕ ತಪ್ಪುತ್ತದೆ. ಸ್ಟೀರಿಂಗ್ ಚಕ್ರದ ಮೇಲಂಚಿಗೆ ಒಂದು ಟೇಪ್ ತುಂಡು ಅಂಟಿಸಿ, ಡ್ಯಾಶ್‌ಬೋರ್ಡಿನ ಮೇಲೆ ಸ್ಕೇಲ್ ಇಡಿ. ಎರಡು ಬೆರಳಲ್ಲಿ ಮೆಲ್ಲಗೆ ಎಡಕ್ಕೆ ತಿರುಗಿಸಿ, ಮುಂದಿನ ಟೈರ್ ಅಲುಗಲು ಶುರುವಾದಲ್ಲಿ ಗುರುತು ಹಾಕಿ. ಹಾಗೆಯೇ ಬಲಕ್ಕೆ. ಈ ಎರಡು ಗುರುತುಗಳ ನಡುವಿನ ದೂರವೇ ಪ್ಲೇ.

ರ‍್ಯಾಕ್ ಇರುವ ಕಾರುಗಳಲ್ಲಿ ಅನೇಕ ಸರ್ವಿಸ್ ಮ್ಯಾನ್ಯುಯಲ್‌ಗಳು 30 ಮಿ.ಮೀ. ವರೆಗೆ ಬಿಡುತ್ತವೆ. ಸುಸ್ಥಿತಿಯಲ್ಲಿರುವ ಕಾರಿನಲ್ಲಿ ಅದರ ಅರ್ಧವೂ ಇರುವುದಿಲ್ಲ. ಸ್ಟೀರಿಂಗ್ ಬಾಕ್ಸ್ ಇರುವ ಹಳೆಯ ಕಾರು, ಜೀಪುಗಳಲ್ಲಿ ಕೊಂಡಿಗಳು ಹೆಚ್ಚಾದ್ದರಿಂದ ಪ್ಲೇಯೂ ಸ್ವಲ್ಪ ಹೆಚ್ಚೇ ಇರುತ್ತದೆ.

ಇಲ್ಲಿ ಒಂದು ಲೆಕ್ಕ ಮನಸ್ಸಿನಲ್ಲಿರಲಿ. ಸ್ಟೀರಿಂಗ್ ಚಕ್ರದ ವ್ಯಾಸ 370 ಮಿ.ಮೀ. ಎಂದುಕೊಳ್ಳಿ. ಸುತ್ತಳತೆ ಸುಮಾರು 1160 ಮಿ.ಮೀ. ಆಗುತ್ತದೆ. ಒಂದು ಪೂರ್ತಿ ಸುತ್ತಿಗೆ ರ‍್ಯಾಕ್ 40 ಮಿ.ಮೀ. ಸರಿಯುವ ಕಾರಿನಲ್ಲಿ, ರ‍್ಯಾಕಿನಲ್ಲಿ 1 ಮಿ.ಮೀ. ಸಡಿಲವಿದ್ದರೆ ಸ್ಟೀರಿಂಗ್ ಅಂಚಿನಲ್ಲಿ ಅದು 29 ಮಿ.ಮೀ. ಆಗಿ ಕಾಣುತ್ತದೆ. ಅಂದರೆ ನೀವು ಹುಡುಕುತ್ತಿರುವುದು ಕಣ್ಣಿಗೆ ಢಾಳಾಗಿ ಕಾಣುವ ಅಲುಗಾಟವನ್ನಲ್ಲ, ಒಂದು ಮಿಲಿಮೀಟರಿನಷ್ಟನ್ನು, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆಯದನ್ನು. ಅದಕ್ಕೇ ಈ ಕೆಲಸದಲ್ಲಿ ಕಣ್ಣಿಗಿಂತ ಬೆರಳು ಹೆಚ್ಚು ಕೆಲಸಕ್ಕೆ ಬರುತ್ತದೆ.

ಇದರ ಇನ್ನೊಂದು ಮುಖವೂ ಇದೆ. ಒಂದೇ ಬದಿಯ ಟೈ ರಾಡ್ ಎಂಡ್ ಸವೆದಿದ್ದರೆ ಇನ್ನೊಂದು ಬದಿಯ ಚಕ್ರ ಸರಿಯಾಗಿ ತಿರುಗುತ್ತಲೇ ಇರುತ್ತದೆ. ಹಾಗಾಗಿ ಸ್ಟೀರಿಂಗಿನಲ್ಲಿ ಪ್ಲೇ ಅಷ್ಟಾಗಿ ತಿಳಿಯುವುದಿಲ್ಲ. ಅಳತೆ ಸರಿಯಾಗಿ ಬಂತೆಂದು ಕೆಳಗಿನ ಪರೀಕ್ಷೆಗಳನ್ನು ಬಿಡಬೇಡಿ.

ಚಕ್ರ ನೆಲದ ಮೇಲಿರುವಾಗಲೇ ನೋಡಬೇಕಾದದ್ದು

ಕಾರನ್ನು ಜ್ಯಾಕ್ ಮೇಲೆ ಎತ್ತಿ ಸ್ಟೀರಿಂಗ್ ಅಲ್ಲಾಡಿಸಿದರೆ ಟೈರ್ ಸಲೀಸಾಗಿ ತಿರುಗುತ್ತದೆ, ಸವೆದ ಜಾಯಿಂಟಿನ ಮೇಲೆ ಬಲವೇ ಬೀಳುವುದಿಲ್ಲ. ನೆಲದ ಮೇಲಿದ್ದಾಗ ಟೈರ್ ತಿರುಗಲು ಒಪ್ಪುವುದಿಲ್ಲ, ಸಡಿಲವೆಲ್ಲ ಹೊರಗೆ ಬೀಳುತ್ತದೆ. ಆದ್ದರಿಂದ ಭಾರ ಚಕ್ರಗಳ ಮೇಲೆಯೇ ಇರಲಿ. ಕೆಳಗೆ ನುಸುಳಲು ಜಾಗ ಬೇಕೆಂದರೆ ರ‍್ಯಾಂಪ್ ಅಥವಾ ಪಿಟ್ ಬಳಸಿ. ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಅಡ್ಡಕಟ್ಟೆ ಕೊಡಿ. ಎಂಜಿನ್ ಚಾಲೂ ಇದ್ದರೆ ಬಯಲು ಜಾಗದಲ್ಲೇ ಮಾಡಿ, ಸೈಲೆನ್ಸರ್ ಪೈಪಿನಿಂದಲೂ ಫ್ಯಾನಿನಿಂದಲೂ ಕೈ ದೂರವಿರಲಿ.

ಒಬ್ಬರು ಒಳಗೆ ಕೂತು ಸ್ಟೀರಿಂಗನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ, ಗಡಿಯಾರದ 11ರಿಂದ 1ರವರೆಗಿನಷ್ಟು, ಒಂದೇ ಲಯದಲ್ಲಿ ಅಲ್ಲಾಡಿಸುತ್ತಿರಲಿ. ಇನ್ನೊಬ್ಬರು ಮೇಲಿನಿಂದ ಕೆಳಕ್ಕೆ ಒಂದೊಂದೇ ಕೊಂಡಿಯನ್ನು ಮುಟ್ಟಿ ನೋಡಬೇಕು. ಮುಟ್ಟುವುದಕ್ಕೂ ಒಂದು ರೀತಿಯಿದೆ: ಹೆಬ್ಬೆರಳು ಒಂದು ಭಾಗದ ಮೇಲೆ, ತೋರುಬೆರಳು ಅದಕ್ಕೆ ಸೇರಿದ ಇನ್ನೊಂದು ಭಾಗದ ಮೇಲೆ ಇರಬೇಕು. ಜಾಯಿಂಟ್ ಚೆನ್ನಾಗಿದ್ದರೆ ಎರಡೂ ಬೆರಳು ಒಟ್ಟಿಗೆ ಚಲಿಸುತ್ತವೆ. ಸವೆದಿದ್ದರೆ ಒಂದು ಬೆರಳು ಮೊದಲು ಹೋಗುತ್ತದೆ, ಇನ್ನೊಂದು ಚಿಟ್ ಎಂದು ಹಿಂಬಾಲಿಸುತ್ತದೆ. ಒಮ್ಮೆ ಗೊತ್ತಾದರೆ ಆ ಚಿಟ್ ಮತ್ತೆ ಮರೆಯುವಂಥದ್ದಲ್ಲ.

ಮೊದಲು ಡ್ರೈವರ್ ಕಾಲ ಬಳಿ ಇರುವ ಯೂನಿವರ್ಸಲ್ ಜಾಯಿಂಟ್. ಅದರ ಶಿಲುಬೆಯಾಕಾರದ ತುಂಡಿನ ಸುತ್ತ ತುಕ್ಕಿನ ಕೆಂಪು ಪುಡಿ ಕಂಡರೆ ಒಳಗಿನ ಸೂಜಿ ಬೇರಿಂಗ್ ಹೋಗಿದೆ ಎಂದೇ ಲೆಕ್ಕ. ಶಾಫ್ಟನ್ನು ಹಿಡಿದ ಬೋಲ್ಟ್ ಸಡಿಲವಾಗಿದೆಯೇ ನೋಡಿ. ಕೆಲವು ಹಳೆಯ ಕಾರುಗಳಲ್ಲಿ ಇಲ್ಲಿ ರಬ್ಬರ್ ಬಿಲ್ಲೆಯಿರುತ್ತದೆ, ಅದರಲ್ಲಿ ಬಿರುಕು ಬಿಟ್ಟಿದ್ದರೆ ಬದಲಿಸಬೇಕು.

ಆಮೇಲೆ ರ‍್ಯಾಕಿನ ಮೈ. ಒಂದು ಬೆರಳು ರ‍್ಯಾಕ್ ಹೌಸಿಂಗ್ ಮೇಲೆ, ಇನ್ನೊಂದು ಅದನ್ನು ಕೂರಿಸಿದ ಕ್ರಾಸ್ ಮೆಂಬರ್ ಮೇಲೆ. ಇಡೀ ಹೌಸಿಂಗೇ ಪಕ್ಕಕ್ಕೆ ಜಾರುತ್ತಿದ್ದರೆ ಅದನ್ನು ಹಿಡಿದ ಕ್ಲಾಂಪಿನ ರಬ್ಬರ್ ಬುಷ್ ಸತ್ತಿದೆ. ಇದನ್ನು ಗಮನಿಸದೆ ಪೂರ್ತಿ ರ‍್ಯಾಕನ್ನೇ ಬದಲಿಸುವವರಿದ್ದಾರೆ. ಎಂಜಿನ್ ಆಯಿಲ್ ಸೋರಿ ಈ ಬುಷ್ ಮೇಲೆ ಬಿದ್ದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಆಗ ಸೋರಿಕೆ ನಿಲ್ಲಿಸದೆ ಹೊಸ ಬುಷ್ ಹಾಕಿ ಪ್ರಯೋಜನವಿಲ್ಲ.

ರ‍್ಯಾಕಿನ ಎರಡು ತುದಿಗೂ ಮಡಿಕೆ ಮಡಿಕೆಯಾದ ರಬ್ಬರ್ ಬೂಟ್ ಇದೆ. ಅದನ್ನು ಹೊರಗಿನಿಂದಲೇ ಹಿಸುಕಿದರೆ ಒಳಗಿನ ಟೈ ರಾಡಿನ ಗುಂಡು ಜಾಯಿಂಟ್ ಕೈಗೆ ಸಿಗುತ್ತದೆ. ಅಲ್ಲಿಯೂ ಅದೇ ಪರೀಕ್ಷೆ. ಕೊನೆಗೆ ಚಕ್ರದ ಬಳಿಯ ಟೈ ರಾಡ್ ಎಂಡ್.

ಸ್ಟೀರಿಂಗ್ ಬಾಕ್ಸ್ ಇರುವ ಗಾಡಿಗಳಲ್ಲಿ ಬಾಕ್ಸಿನಿಂದ ಹೊರಬರುವ ಪಿಟ್‌ಮನ್ ಆರ್ಮ್, ಎದುರು ಬದಿಯ ಐಡ್ಲರ್ ಆರ್ಮ್, ನಡುವಿನ ಲಿಂಕ್ ಎಲ್ಲವನ್ನೂ ಹೀಗೆಯೇ ನೋಡಬೇಕು. ಐಡ್ಲರ್ ಆರ್ಮ್ ಅಡ್ಡಡ್ಡ ಸರಿಯಾಗಿದ್ದೂ ಮೇಲೆ ಕೆಳಗೆ ಕುಣಿಯಬಹುದು. ಲಿಂಕನ್ನು ಕೈಯಲ್ಲಿ ಎತ್ತಿ ಇಳಿಸಿ ನೋಡಿ. ಬಾಕ್ಸನ್ನು ಚಾಸಿಗೆ ಹಿಡಿದ ಬೋಲ್ಟುಗಳ ಸುತ್ತ ಚಾಸಿ ಬಿರುಕು ಬಿಟ್ಟಿದೆಯೇ ಎಂದು ತೊಳೆದು, ಟಾರ್ಚ್ ಹಿಡಿದು ನೋಡುವುದು ಅತಿ ಮುಖ್ಯ.

ಎತ್ತಿ ನೋಡಬೇಕಾದದ್ದು

ಈಗ ಕಾರನ್ನು ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜ್ಯಾಕ್ ನಂಬಿ ಕೆಳಗೆ ತಲೆ ಹಾಕಬಾರದು. ಚಕ್ರವನ್ನು ಗಡಿಯಾರದ 9 ಮತ್ತು 3ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಇಲ್ಲಿ ಮಾತ್ರ ಅಲುಗಾಟವಿದ್ದರೆ ಟೈ ರಾಡ್ ಕಡೆಯದು. 12 ಮತ್ತು 6ರಲ್ಲಿ ಹಿಡಿದಾಗಲೂ ಅಲುಗಿದರೆ ವೀಲ್ ಬೇರಿಂಗ್ ಅಥವಾ ಬಾಲ್ ಜಾಯಿಂಟ್ (ಆರ್ಮನ್ನು ಚಕ್ರದ ಕಡೆಗೆ ಜೋಡಿಸುವ ಗುಂಡು ಜಾಯಿಂಟ್). ಇವೆರಡರಲ್ಲಿ ಯಾವುದೆಂದು ತಿಳಿಯಲು ಸುಲಭದ ದಾರಿಯಿದೆ: ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಬ್ರೇಕ್ ಒತ್ತಿದಾಗ ಅಲುಗಾಟ ಮಾಯವಾದರೆ ಬೇರಿಂಗ್, ಹಾಗೇ ಉಳಿದರೆ ಬಾಲ್ ಜಾಯಿಂಟ್.

ಬಾಲ್ ಜಾಯಿಂಟಿಗೆ ಇನ್ನೊಂದು ಪರೀಕ್ಷೆ ಬೇಕು. ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಕಂಬ) ಇರುವ ಕಾರಿನಲ್ಲಿ ಚಕ್ರವನ್ನು ನೇತಾಡಲು ಬಿಟ್ಟು, ಟೈರಿನ ಕೆಳಗೆ ಕಬ್ಬಿಣದ ಬಾರ್ ತೂರಿಸಿ ಮೇಲಕ್ಕೆ ಮೀಟಬೇಕು. ಸ್ಪ್ರಿಂಗ್ ಲೋಯರ್ ಆರ್ಮ್ ಮೇಲೆ ಕೂತಿರುವ ಕಾರಿನಲ್ಲಿ ಜ್ಯಾಕನ್ನು ಆ ಆರ್ಮಿನ ಕೆಳಗೇ ಕೊಟ್ಟು ಎತ್ತಬೇಕು. ಇಲ್ಲದಿದ್ದರೆ ಸ್ಪ್ರಿಂಗಿನ ಒತ್ತಡ ಜಾಯಿಂಟನ್ನು ಬಿಗಿಯಾಗಿ ಹಿಡಿದು ಸವೆತವನ್ನು ಮುಚ್ಚಿಡುತ್ತದೆ. ಬಾಲ್ ಜಾಯಿಂಟ್ ಸ್ಪಷ್ಟವಾಗಿ ಅಲುಗುತ್ತಿದ್ದರೆ ಕಾರನ್ನು ಓಡಿಸಬೇಡಿ, ಎಳೆಸಿಕೊಂಡು ಹೋಗಿ. ಅದು ಕಳಚಿದರೆ ಚಕ್ರ ಮಡಚಿಕೊಳ್ಳುತ್ತದೆ.

ರಬ್ಬರ್ ಬೂಟ್ ಹರಿದ ಜಾಯಿಂಟ್ ಇವತ್ತು ಬಿಗಿಯಾಗಿದ್ದರೂ ಅದನ್ನು ಬದಲಿಸುವ ಪಟ್ಟಿಗೇ ಸೇರಿಸಿ. ನೀರು, ಮಣ್ಣು ಒಳಗೆ ಸೇರಿ ಗ್ರೀಸ್ ತೊಳೆದುಹೋದ ಮೇಲೆ ಅದಕ್ಕೆ ಹೆಚ್ಚು ದಿನ ಉಳಿದಿಲ್ಲ.

ಟೈ ರಾಡ್ ಎಂಡ್ ಬದಲಿಸುವುದು

ಹೆಚ್ಚಿನ ಹಳೆಯ ಕಾರುಗಳಲ್ಲಿ ಕೊನೆಗೆ ಸಿಕ್ಕಿಬೀಳುವುದು ಇದೇ. ಮನೆಯಲ್ಲೇ ಮಾಡಬಹುದಾದ ಕೆಲಸವೂ ಹೌದು. ಬೇಕಾದದ್ದು ಹೊಸ ಎಂಡ್, ಹೊಸ ಸ್ಪ್ಲಿಟ್ ಪಿನ್ ಅಥವಾ ಹೊಸ ನೈಲಾನ್ ಲಾಕ್ ನಟ್, ಎರಡು ಸ್ಪ್ಯಾನರ್, ಬಾಲ್ ಜಾಯಿಂಟ್ ಪುಲ್ಲರ್ ಅಥವಾ ಒಂದು ಕಿಲೋ ಸುತ್ತಿಗೆ, ತಂತಿ ಬ್ರಷ್, ತುಕ್ಕು ಬಿಡಿಸುವ ಎಣ್ಣೆ, ಟಾರ್ಕ್ ರೆಂಚ್. ಸಾಧ್ಯವಿದ್ದರೆ ಎಣ್ಣೆಯನ್ನು ಹಿಂದಿನ ರಾತ್ರಿಯೇ ಹಾಕಿಡಿ.

1. ಚಕ್ರ ಬಿಚ್ಚಿ, ಟೈ ರಾಡಿನ ಕಾಣುವ ಮರೆಗಳನ್ನು (ಥ್ರೆಡ್) ಬ್ರಷ್ಷಿನಿಂದ ಉಜ್ಜಿ. ಎಂಡಿನ ಬುಡದಲ್ಲಿರುವ ಲಾಕ್ ನಟ್ಟನ್ನು ಕಾಲು ಸುತ್ತು ಮಾತ್ರ ಸಡಿಲಿಸಿ. ಜಾಯಿಂಟ್ ಇನ್ನೂ ಗಟ್ಟಿಯಾಗಿ ಕೂತಿರುವಾಗಲೇ ಇದನ್ನು ಮಾಡಿದರೆ ರಾಡ್ ತಿರುಗುವುದಿಲ್ಲ. ಸಡಿಲಿಸಿದ ಜಾಗದಲ್ಲಿ ಪೇಂಟಿನಿಂದ ಗುರುತು ಹಾಕಿ.

2. ಸ್ಪ್ಲಿಟ್ ಪಿನ್ ತೆಗೆದು ಮೇಲಿನ ನಟ್ಟನ್ನು ಸಡಿಲಿಸಿ. ಪೂರ್ತಿ ತೆಗೆಯದೆ ಮರೆಯ ತುದಿಯವರೆಗೆ ತಂದು ಬಿಡಿ, ಜಾಯಿಂಟ್ ಸಿಡಿದಾಗ ರಾಡ್ ಕೆಳಗೆ ಬೀಳುವುದಿಲ್ಲ.

3. ಟೇಪರ್ (ಆರ್ಮಿನ ತೂತಿನಲ್ಲಿ ಬಿಗಿಯಾಗಿ ಕೂತಿರುವ, ತುದಿಗೆ ಸಣ್ಣಗಾಗುವ ಸ್ಟಡ್ಡಿನ ಭಾಗ) ಬಿಡಿಸಬೇಕು. ಪುಲ್ಲರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಸ್ಟಡ್ ತಲೆಗೆ ಹೊಡೆಯಬೇಡಿ, ಮರೆ ಹಾಳಾಗುತ್ತದೆ. ಸ್ಟಡ್ ಕೂತಿರುವ ಸ್ಟೀರಿಂಗ್ ಆರ್ಮಿನ ಕಣ್ಣಿನ ಪಕ್ಕಕ್ಕೆ ಎರಡು ಮೂರು ಗಟ್ಟಿ ಏಟು ಕೊಡಿ. ತೂತು ಒಂದು ಕ್ಷಣ ಅಂಡಾಕಾರಕ್ಕೆ ತಿರುಗಿ ಸ್ಟಡ್ ತಾನಾಗಿ ಬಿಟ್ಟುಕೊಳ್ಳುತ್ತದೆ. ಕವಲು ಕೋಲಿನಂಥ ಸಲಕರಣೆ ತೂರಿಸಿದರೆ ಬೂಟ್ ಹರಿಯುತ್ತದೆ. ಹಳೆಯ ಎಂಡನ್ನು ಬಿಸಾಡುವುದಾದರೆ ಮಾತ್ರ ಅದನ್ನು ಬಳಸಿ.

4. ಎಂಡನ್ನು ಕೈಯಲ್ಲಿ ತಿರುಗಿಸಿ ಬಿಚ್ಚುತ್ತಾ ಸುತ್ತುಗಳನ್ನು ಎಣಿಸಿ, ಬರೆದಿಡಿ. ಅರ್ಧ ಸುತ್ತನ್ನೂ ಬಿಡಬೇಡಿ. ಸಾಧಾರಣ 1.5 ಮಿ.ಮೀ. ಪಿಚ್ ಮರೆ, 130 ಮಿ.ಮೀ. ಉದ್ದದ ಸ್ಟೀರಿಂಗ್ ಆರ್ಮ್, 14 ಇಂಚಿನ ರಿಮ್ ಇರುವ ಕಾರಿನಲ್ಲಿ ಒಂದು ಸುತ್ತಿನ ವ್ಯತ್ಯಾಸ ಆ ಚಕ್ರದ ಟೋವನ್ನು (ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಸುಮಾರು 4 ಮಿ.ಮೀ. ಬದಲಿಸುತ್ತದೆ. ಟೈರನ್ನು ಬೇಗನೆ ತಿಂದುಹಾಕಲು ಅಷ್ಟು ಸಾಕು.

5. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಉದ್ದ, ಮರೆ, ಟೇಪರ್ ಹೋಲಿಸಿ. ಹೊಸದರ ಉದ್ದ ಬೇರೆಯಿದ್ದರೆ ನಿಮ್ಮ ಎಣಿಕೆಗೆ ಬೆಲೆಯಿಲ್ಲ. ಆಗ ಸ್ಟಡ್ಡಿನ ನಡುವಿನಿಂದ ರಾಡ್ ಮೇಲಿನ ಒಂದು ಗುರುತಿನವರೆಗೆ ಅಳೆದು ಅದನ್ನೇ ಹೊಂದಿಸಬೇಕು.

6. ರಾಡಿನ ಮರೆಗೆ ಚೂರು ಗ್ರೀಸ್ ಹಚ್ಚಿ, ಎಣಿಸಿದಷ್ಟೇ ಸುತ್ತು ಹೊಸದನ್ನು ಹಾಕಿ. ಆದರೆ ಟೇಪರ್ ಮತ್ತು ಅದರ ತೂತು ಒಣಗಿಯೇ ಇರಬೇಕು, ಗ್ರೀಸ್ ಎಣ್ಣೆ ಏನೂ ಬೇಡ. ಒಣ ಟೇಪರಿನ ಹಿಡಿತವೇ ಆ ಜಾಯಿಂಟಿನ ಬಲ.

7. ನಟ್ ಬಿಗಿ ಮಾಡುವಾಗ ಸ್ಟಡ್ ಜೊತೆಗೇ ಸುತ್ತತೊಡಗಿದರೆ ಕೆಳಗಿನಿಂದ ಸಣ್ಣ ಜ್ಯಾಕ್ ಕೊಟ್ಟು ಮೆಲ್ಲಗೆ ಒತ್ತಿ ಹಿಡಿಯಿರಿ, ಟೇಪರ್ ಕಚ್ಚಿಕೊಳ್ಳುತ್ತದೆ. ಸಣ್ಣ ಕಾರುಗಳಲ್ಲಿ ಈ ನಟ್ಟಿಗೆ ಸಾಮಾನ್ಯವಾಗಿ 30ರಿಂದ 50 ನ್ಯೂಟನ್ ಮೀಟರ್. ನಿಮ್ಮ ಕಾರಿನ ಮ್ಯಾನ್ಯುಯಲ್ ಹೇಳಿದ್ದೇ ಅಂತಿಮ. ಪಿನ್ನಿನ ತೂತು ನಟ್ಟಿನ ಸೀಳಿಗೆ ಸರಿಹೊಂದದಿದ್ದರೆ ಮುಂದಿನ ಸೀಳಿನವರೆಗೆ ಬಿಗಿ ಮಾಡಿ. ಪಿನ್ ಹೋಗಲೆಂದು ಹಿಂದಕ್ಕೆ ಸಡಿಲಿಸುವುದು ಎಂದಿಗೂ ಕೂಡದು. ಹಳೆಯ ಪಿನ್ ಮತ್ತೆ ಬಳಸಬೇಡಿ.

ಎರಡು ಬದಿಗೂ ಮರೆ ಇರುವ ಅಡ್ಜಸ್ಟಿಂಗ್ ಸ್ಲೀವ್ ನಿಮ್ಮ ಗಾಡಿಯಲ್ಲಿದ್ದರೆ ಅದರ ಒಂದು ತುದಿ ಎಡಮರೆಯದು, ಅಂದರೆ ಉಲ್ಟಾ ಕಡೆಗೆ ತಿರುಗಿಸಿ ಬಿಚ್ಚುವಂಥದ್ದು. ತಪ್ಪು ಕಡೆಗೆ ಬಲ ಹಾಕಿ ಮರೆ ಕಿತ್ತುಕೊಳ್ಳಬೇಡಿ.

ಒಳಗಿನ ಟೈ ರಾಡ್ ಸವೆದಿದ್ದರೆ ಮೊದಲು ಹೊರಗಿನ ಎಂಡ್ ತೆಗೆದು, ಬೂಟ್ ಕಳಚಿ, ಅನೇಕ ಕಾರುಗಳಲ್ಲಿ ಇರುವ ಮಡಚು ವಾಷರನ್ನು ಬಿಡಿಸಬೇಕು. ಉದ್ದ ಕೊಳವೆಯಂಥ ವಿಶೇಷ ಸಾಕೆಟ್ ಇದ್ದರೆ ರ‍್ಯಾಕ್ ಇಳಿಸದೆಯೇ ಬಿಚ್ಚಬಹುದು. ಜಾಯಿಂಟಿಗೆ ಹಾಕುವ ಬಲ ರ‍್ಯಾಕ್ ಮೂಲಕ ಪಿನಿಯನ್ (ಅದನ್ನು ಸರಿಸುವ ಸಣ್ಣ ಗೇರ್) ಹಲ್ಲುಗಳಿಗೆ ಹೋಗದಂತೆ ರ‍್ಯಾಕಿನ ಚಪ್ಪಟೆ ಭಾಗವನ್ನು ಇನ್ನೊಂದು ಸ್ಪ್ಯಾನರಿನಲ್ಲಿ ಹಿಡಿದುಕೊಳ್ಳಿ. ಬೂಟನ್ನು ಹೊಸದೇ ಹಾಕಿ, ಎರಡು ಕ್ಲಾಂಪೂ ಬಿಗಿಯಿರಲಿ. ಅಲೈನ್‌ಮೆಂಟ್ ಮಾಡುವಾಗ ರಾಡ್ ತಿರುಗಿ ಬೂಟ್ ಹಿಂಡಿಕೊಂಡಿದ್ದರೆ ಕೆಲವೇ ವಾರಗಳಲ್ಲಿ ಹರಿಯುತ್ತದೆ.

ಉಳಿದವು

ಯೂನಿವರ್ಸಲ್ ಜಾಯಿಂಟ್ ತೆಗೆಯುವ ಮೊದಲು ಶಾಫ್ಟ್ ಮತ್ತು ಜಾಯಿಂಟ್ ಎರಡಕ್ಕೂ ಒಂದೇ ಗೆರೆಯಲ್ಲಿ ಗುರುತು ಹಾಕಿ, ಸ್ಟೀರಿಂಗ್ ಚಕ್ರ ತಿರುಗದಂತೆ ಕಟ್ಟಿಡಿ. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಚಕ್ರ ಬಿಡುಬೀಸಾಗಿ ಸುತ್ತಿದರೆ ಒಳಗಿನ ಸುರುಳಿ ಪಟ್ಟಿ ಹರಿಯುತ್ತದೆ. ಮರಳಿ ಕೂರಿಸುವಾಗ ಬೋಲ್ಟ್ ಶಾಫ್ಟಿನಲ್ಲಿ ಕೊರೆದ ತೋಡಿನ ಮೂಲಕವೇ ಹಾದುಹೋಗಬೇಕು.

ಲೋಯರ್ ಆರ್ಮ್ ಬುಷ್ ಬದಲಿಸಿದರೆ ಅದರ ಬೋಲ್ಟನ್ನು ಕಾರಿನ ಭಾರ ಚಕ್ರದ ಮೇಲೆ ಬಿದ್ದ ನಂತರವೇ ಅಂತಿಮವಾಗಿ ಬಿಗಿ ಮಾಡಿ. ಚಕ್ರ ನೇತಾಡುವಾಗಲೇ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಕೊನೆಗೆ ಅಡ್ಜಸ್ಟ್‌ಮೆಂಟ್ ಸ್ಕ್ರೂ

ಎಲ್ಲ ಜಾಯಿಂಟುಗಳೂ ಚೆನ್ನಾಗಿವೆ, ಪಿನಿಯನ್ ಶಾಫ್ಟ್ ತಿರುಗುತ್ತಿದೆ, ರ‍್ಯಾಕ್ ಮಾತ್ರ ತಡವಾಗಿ ಚಲಿಸುತ್ತಿದೆ ಎಂದು ಖಚಿತವಾದರೆ ಮಾತ್ರ ಇಲ್ಲಿಗೆ ಕೈ ಹಾಕಿ. ಲಾಕ್ ನಟ್ ಸಡಿಲಿಸುವ ಮೊದಲು ಸ್ಕ್ರೂವಿನ ಈಗಿನ ಸ್ಥಾನಕ್ಕೆ ಗುರುತು ಹಾಕಿ. ಒಂದು ಸಲಕ್ಕೆ 30 ಡಿಗ್ರಿ, ಅಂದರೆ ಒಂದು ಸುತ್ತಿನ ಹನ್ನೆರಡನೇ ಒಂದು ಭಾಗ ಮಾತ್ರ ಬಿಗಿ ಮಾಡಿ, ಲಾಕ್ ನಟ್ ಹಾಕಿ, ಸ್ಟೀರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ತಿರುಗಿಸಿ. ನೇರವಾಗಿ ಓಡುವ ಹೊತ್ತೇ ಹೆಚ್ಚಾದ್ದರಿಂದ ರ‍್ಯಾಕ್ ಸವೆಯುವುದು ನಡುವಿನಲ್ಲಿ, ತುದಿಯ ಹಲ್ಲುಗಳು ಹೊಸದರಂತೆಯೇ ಇರುತ್ತವೆ. ನಡುವಿನ ಸಡಿಲ ತೆಗೆಯಲು ಹೆಚ್ಚು ಬಿಗಿದರೆ ತುದಿಗಳಲ್ಲಿ ರ‍್ಯಾಕ್ ಹಿಡಿದುಕೊಳ್ಳುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳದಿದ್ದರೆ ನೀವು ಮಿತಿ ದಾಟಿದ್ದೀರಿ, ಹಿಂದಕ್ಕೆ ಬನ್ನಿ. ಕಾಲು ಸುತ್ತಿನೊಳಗೆ ಸರಿಹೋಗದ ರ‍್ಯಾಕ್ ಬದಲಾಗಬೇಕು.

ಸ್ಟೀರಿಂಗ್ ಬಾಕ್ಸಿನಲ್ಲಿ ಮೊದಲು ಆಯಿಲ್ ಮಟ್ಟ ನೋಡಿ. ಪವರ್ ಇಲ್ಲದ ಅನೇಕ ಹಳೆಯ ಬಾಕ್ಸುಗಳಿಗೆ ಇಪಿ 90 ಗೇರ್ ಆಯಿಲ್ ಬೇಕು. ಕೊನೆಯಿಂದ ಕೊನೆಗೆ ಎಷ್ಟು ಸುತ್ತು ಎಂದು ಎಣಿಸಿ, ಅದರ ಅರ್ಧಕ್ಕೆ ತಂದು ನಿಲ್ಲಿಸಿ. ಬಾಕ್ಸಿನ ಹಲ್ಲುಗಳು ಅತಿ ಹತ್ತಿರವಿರುವುದು ಈ ನಡುವಿನಲ್ಲೇ, ಆದ್ದರಿಂದ ಅಡ್ಜಸ್ಟ್ ಮಾಡಬೇಕಾದದ್ದೂ ಇಲ್ಲೇ. ಪಕ್ಕಕ್ಕೆ ತಿರುಗಿಸಿಟ್ಟು ಬಿಗಿ ಮಾಡಿದರೆ ನೇರಕ್ಕೆ ಬಂದಾಗ ಕಚ್ಚಿಕೊಳ್ಳುತ್ತದೆ. ಲಿಂಕ್ ಕಳಚಿಟ್ಟು, ಎಂಟನೇ ಒಂದು ಸುತ್ತಿನಂತೆ ಮುಂದುವರಿಯಿರಿ.

ಓಡಿಸುವ ಮೊದಲು, ಓಡಿಸಿದ ಮೇಲೆ

ಯಾವ ಟೈ ರಾಡ್ ಮುಟ್ಟಿದರೂ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು. ಅಲ್ಲಿಯವರೆಗೆ ಹೋಗಲು ಒರಟು ಲೆಕ್ಕ ಸಾಕು: ಎರಡು ಮುಂದಿನ ಟೈರುಗಳಲ್ಲೂ ಒಂದೇ ತೋಡನ್ನು ಆರಿಸಿ, ಹಬ್ಬಿನ ಎತ್ತರದಲ್ಲಿ ಅವುಗಳ ನಡುವಿನ ದೂರವನ್ನು ಮುಂದೊಮ್ಮೆ ಹಿಂದೊಮ್ಮೆ ಅಳೆಯಿರಿ. ವ್ಯತ್ಯಾಸ 3 ಮಿ.ಮೀ. ಒಳಗಿದ್ದರೆ ನಿಧಾನವಾಗಿ ಓಡಿಸಿಕೊಂಡು ಹೋಗಬಹುದು. ಹೊರಡುವ ಮೊದಲು ಲಾಕ್ ನಟ್, ಪಿನ್, ಚಕ್ರದ ನಟ್ ಮೂರನ್ನೂ ಮತ್ತೆ ನೋಡಿ, ಜನವಿಲ್ಲದ ಜಾಗದಲ್ಲಿ 20 ಕಿ.ಮೀ. ವೇಗದಲ್ಲಿ ಎರಡೂ ಕಡೆ ಪೂರ್ತಿ ತಿರುಗಿಸಿ ಪರೀಕ್ಷಿಸಿ. 100 ಕಿ.ಮೀ. ಓಡಿದ ಮೇಲೆ ಬಿಗಿ ಮಾಡಿದ ಎಲ್ಲವನ್ನೂ ಇನ್ನೊಮ್ಮೆ ರೆಂಚ್ ಹಾಕಿ ನೋಡಿ.

ಕಾರು ನೇರ ಹೋಗುತ್ತಿದ್ದೂ ಸ್ಟೀರಿಂಗ್ ಚಕ್ರ ಓರೆಯಾಗಿ ನಿಂತಿದ್ದರೆ ಅದನ್ನು ಕಿತ್ತು ನೇರಕ್ಕೆ ಕೂರಿಸಬೇಡಿ. ಹಾಗೆ ಮಾಡಿದರೆ ರ‍್ಯಾಕಿನ ನಡು ಒಂದು ಕಡೆ, ಸ್ಟೀರಿಂಗಿನ ನೇರ ಇನ್ನೊಂದು ಕಡೆ ಆಗುತ್ತದೆ. ಒಂದು ಬದಿಯ ಟೈ ರಾಡನ್ನು ಎಷ್ಟು ಉದ್ದ ಮಾಡುತ್ತೀರೋ ಇನ್ನೊಂದನ್ನು ಅಷ್ಟೇ ಗಿಡ್ಡ ಮಾಡಿ. ಟೋ ಬದಲಾಗದೆ ಸ್ಟೀರಿಂಗ್ ಚಕ್ರ ನೇರಕ್ಕೆ ಬರುತ್ತದೆ.